ಎವೆಯಿಕ್ಕದ ಕ್ಯಾಮರಾ

ನಮ್ಮ ಹಿರಿಯರು ಕಾಲವನ್ನು ಅಳೆಯುವುದಕ್ಕೆ ಕಣ್ಣಿನ ರೆಪ್ಪೆಯನ್ನೇ ಮಾನವಾಗಿ ಇಟ್ಟುಕೊಂಡಿದ್ದರು. ನಿಮಿಷವೆಂಬ ಮಾತಿಗೆ ಮೂಲದಲ್ಲಿ ಎವೆಯಿಕ್ಕುವಷ್ಟು ಹೊತ್ತು ಎಂದೇ ಅರ್ಥ. ಗಡಿಯಾರ ಬಂದ ಮೇಲೆ ಅದು ಅರುವತ್ತು ಸೆಕೆಂಡುಗಳಷ್ಟು ಉದ್ದವಾಯಿತು. ಎವೆಯಿಕ್ಕದವರು ಅನಿಮಿಷರು, ಆ ಹೆಸರು ದೇವತೆಗಳಿಗೂ ಸಲ್ಲುತ್ತದೆ, ಮೀನಿಗೂ ಸಲ್ಲುತ್ತದೆ. ನಾನು ಇಲ್ಲಿ ಬರೆಯಹೊರಟಿರುವುದು ಅನಿಮಿಷವಾದ ಒಂದು ಯಂತ್ರವನ್ನು ಕುರಿತು. ಕ್ಯಾಮರಾದ ಕಣ್ಣನ್ನು ಒಂದು ಸೆಕೆಂಡು, ಹತ್ತು ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷದವರೆಗೆ ತೆರೆದಿಟ್ಟು, ಅದರ ಮುಂದೆ ಜನರು ನಡೆದಾಡುತ್ತಿದ್ದರೆ ಏನು ಮೂಡುವುದೆಂಬುದನ್ನು ಕಳೆದ ಒಂದು ವರ್ಷದಿಂದ ನನ್ನ ಊರಾದ ನಂದಿಕೂರಿನಲ್ಲಿ ಪರೀಕ್ಷಿಸುತ್ತ ಬಂದಿದ್ದೇನೆ. ಕಲಾ ವಿಭಾಗದ ವಿದ್ಯಾರ್ಥಿಗೆ ಈ ಗೊಡವೆಯೇಕೆ ಎಂದು ಕೇಳಿದ ಮಿತ್ರರಿದ್ದಾರೆ. ಹಳೆಯ ಛಾಯಾಚಿತ್ರವನ್ನು ಸಾಕ್ಷಿಯೆಂದು ನಂಬಿ ಇತಿಹಾಸ ಬರೆಯುವವರು ಕಲಾ ವಿದ್ಯಾರ್ಥಿಗಳೇ ಅಲ್ಲವೆ? ಆ ಸಾಕ್ಷಿ ಯಾರ ಪರವಾಗಿ ನುಡಿಯುತ್ತದೆ, ಯಾರನ್ನು ನುಂಗಿಹಾಕುತ್ತದೆ ಎಂಬುದು ನಮಗೆ ತಿಳಿದಿರಬೇಕು.

ಕ್ಯಾಮರಾದೊಳಗೆ ಶಟರು ಎಂಬ ಒಂದು ಕದವಿದೆ. ಅದು ತೆರೆದಿರುವಷ್ಟು ಹೊತ್ತು ಮಾತ್ರ ಬೆಳಕು ಒಳಗೆ ಹೋಗುತ್ತದೆ. ನಮ್ಮ ಕೈಯಲ್ಲಿರುವ ಫೋನಿನ ಕ್ಯಾಮರಾ ಒಳ್ಳೆಯ ಬಿಸಿಲಿನಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟೇ ಹೊತ್ತು ಬೆಳಕನ್ನು ಸಂಗ್ರಹಿಸಿ ಸುಮ್ಮನಾಗಬಹುದು. ಗಂಟೆಗೆ ಐದು ಕಿಲೋಮೀಟರಿನಂತೆ ನಡೆಯುವ ಮನುಷ್ಯ ಒಂದು ಸೆಕೆಂಡಿನಲ್ಲಿ ಸುಮಾರು ೧.೪ ಮೀಟರು ಸಾಗುತ್ತಾನೆ. ಸಾವಿರದಲ್ಲೊಂದು ಪಾಲು ಸೆಕೆಂಡಿನಲ್ಲಿ ಅವನು ಸಾಗುವುದು ಒಂದೂವರೆ ಮಿಲಿಮೀಟರು ಸಹ ಇಲ್ಲ. ಆದುದರಿಂದ ಅವನು ಕಲ್ಲಿನ ವಿಗ್ರಹದಂತೆ ನಿಂತುಬಿಡುತ್ತಾನೆ. ನಮಗೆ ಛಾಯಾಚಿತ್ರವೆಂದರೆ ಇದೇ.

ಈಗ ಅದೇ ಕದವನ್ನು ಹತ್ತು ಸೆಕೆಂಡು ತೆರೆದಿಡೋಣ. ಚಿತ್ರದ ಒಂದೊಂದು ಬಿಂದುವನ್ನೂ ಒಂದೊಂದು ಖಾತೆ ಪುಸ್ತಕವೆಂದು ಭಾವಿಸಬೇಕು. ತನಗೆ ಬಂದ ಬೆಳಕಿನ ಮೊತ್ತವೆಷ್ಟು ಎಂಬುದನ್ನಷ್ಟೇ ಅದು ಬರೆದುಕೊಳ್ಳುತ್ತದೆ. ಯಾರು ತಂದುಕೊಟ್ಟರು, ಯಾವಾಗ ತಂದುಕೊಟ್ಟರು ಎಂಬುದು ಅದಕ್ಕೆ ಬೇಡ. ನಡೆಯುವ ಮನುಷ್ಯನ ಮೈ ಅರ್ಧ ಮೀಟರು ಅಗಲವೆಂದು ಇಟ್ಟುಕೊಂಡರೆ, ಅವನು ಗೋಡೆಯ ಯಾವುದೇ ಒಂದು ಜಾಗವನ್ನು ಮರೆಮಾಡುವುದು ಸೆಕೆಂಡಿನ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಹೊತ್ತು. ಹತ್ತು ಸೆಕೆಂಡಿನ ಲೆಕ್ಕದಲ್ಲಿ ಅದು ನೂರಕ್ಕೆ ಮೂರೂವರೆ ಪಾಲು. ಉಳಿದ ತೊಂಬತ್ತಾರೂವರೆ ಪಾಲು ಗೋಡೆಯದೇ. ಖಾತೆಯಲ್ಲಿ ಗೋಡೆ ಗೆಲ್ಲುತ್ತದೆ, ಮನುಷ್ಯ ಕಾಣದೇ ಹೋಗುತ್ತಾನೆ. ಅವನೇ ಐದು ಸೆಕೆಂಡು ನಿಂತು ಬೀಡಿ ಹಚ್ಚಿಕೊಂಡನೆನ್ನಿ, ಅರ್ಧ ಮನುಷ್ಯ ಅರ್ಧ ಗೋಡೆಯಾಗಿ, ದೆವ್ವದ ಕಥೆಗಳಲ್ಲಿ ಬರುವವರಂತೆ ಮೂಡುತ್ತಾನೆ.

ಇದರಲ್ಲಿ ಬಣ್ಣದ ಪಕ್ಷಪಾತವೂ ಇದೆ. ಕೆಂಪುಕಲ್ಲಿನ ಗೋಡೆಯ ಮುಂದೆ ಬಿಳಿ ಪಂಚೆ ಉಟ್ಟವನು ಸಾಗಿದರೆ, ಅವನು ಕಳಿಸುವ ಬೆಳಕು ಗೋಡೆಯದಕ್ಕಿಂತ ಬಹಳ ಹೆಚ್ಚಾದುದರಿಂದ, ಮೂರೂವರೆ ಪಾಲಿನಲ್ಲಿಯೇ ತೆಳ್ಳಗಿನ ಹೊಗೆಯಂಥ ಒಂದು ಗೆರೆಯನ್ನು ಉಳಿಸಿ ಹೋಗುತ್ತಾನೆ. ಬೆಳ್ಳನೆಯ ಆಕಾಶದ ಎದುರು ಕಪ್ಪು ಕೊಡೆ ಹಿಡಿದವನು ಸಾಗಿದರೆ ಏನೂ ಉಳಿಯುವುದಿಲ್ಲ. ಹಿಂದಿನ ಬೆಳಕು ಎರಡು ಕಡೆಯಿಂದಲೂ ಅವನನ್ನು ತಿಂದುಹಾಕುತ್ತದೆ.

ಇದು ಹೊಸ ಸಂಗತಿಯೇನಲ್ಲ. ಛಾಯಾಚಿತ್ರಣ ಹುಟ್ಟಿದ್ದೇ ಹೀಗೆ. ೧೮೩೮ರಲ್ಲಿ ದಾಗೇರ್ ಎಂಬ ಫ್ರೆಂಚ್ ಗೃಹಸ್ಥನು ಪ್ಯಾರಿಸಿನ ತನ್ನ ಮನೆಯ ಕಿಟಕಿಯಿಂದ ಬುಲ್ವಾರ್ ದ್ಯು ತಾಂಪ್ಲ್ ಎಂಬ ಬೀದಿಯ ಚಿತ್ರವನ್ನು ಬೆಳ್ಳಿಯ ಲೇಪವಿದ್ದ ತಗಡಿನ ಮೇಲೆ ತೆಗೆದನು. ಅಂದಿನ ತಗಡುಗಳಿಗೆ ಬೆಳಕು ಕುಡಿಯಲು ನಿಮಿಷಗಟ್ಟಲೆ ಬೇಕಾಗಿತ್ತು. ಗಾಡಿಗಳು, ಕುದುರೆಗಳು, ಜನರು ತುಂಬಿ ಹರಿಯುತ್ತಿದ್ದ ಆ ಬೀದಿ ಚಿತ್ರದಲ್ಲಿ ಬರಿದಾಗಿದೆ. ಒಂದು ಮೂಲೆಯಲ್ಲಿ ಮಾತ್ರ ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ಕಾಲು ಮುಂದಿಟ್ಟು ನಿಂತ ಒಬ್ಬ ಮನುಷ್ಯನಿದ್ದಾನೆ. ಪಾಲಿಶ್ ಹಾಕುವವನೂ ಮಸುಕು ಮಸುಕಾಗಿ ಇದ್ದಾನೆ. ಛಾಯಾಚಿತ್ರದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯರು ಇವರೇ ಎಂದು ಹೇಳುವುದುಂಟು. ತಂತಿ ಸಮಾಚಾರದ ಮೋರ್ಸ್ ಮಹಾಶಯನು ೧೮೩೯ರಲ್ಲಿ ಈ ಚಿತ್ರವನ್ನು ಕಂಡು, ಚಲಿಸುವ ವಸ್ತುಗಳು ಇದರಲ್ಲಿ ಮೂಡುವುದಿಲ್ಲವೆಂಬುದನ್ನು ಆಗಲೇ ಗುರುತಿಸಿ ತನ್ನ ಕಾಗದದಲ್ಲಿ ಬರೆದಿದ್ದನು. ಊರಿನ ಗಣ್ಯರೆಲ್ಲ ಗಾಡಿಯಲ್ಲಿ ಹಾದುಹೋಗಿ ಅಳಿಸಿಹೋದರು, ಬೂಟು ತಿಕ್ಕುವವನು ಉಳಿದನು ಎಂಬುದು ನನಗೆ ಈ ಕಥೆಯಲ್ಲಿ ಬಹಳ ಹಿಡಿಸಿದ ಭಾಗ.

ನಮ್ಮ ನಾಡಿನ ಹಳೆಯ ಚಿತ್ರಗಳಿಗೂ ಈ ಮಾತು ಸಲ್ಲುತ್ತದೆ. ೧೮೫೫ರಲ್ಲಿ ಕ್ಯಾಪ್ಟನ್ ಬಿಗ್ಸ್ ಎಂಬ ಸೈನ್ಯಾಧಿಕಾರಿ ಬಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದನು. ಅವನದೂ ಪಿಗೂ, ನೀಲ್ ಎಂಬ ಇನ್ನಿಬ್ಬರದೂ ಚಿತ್ರಗಳು ಸೇರಿ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವೊಂದು ೧೮೬೬ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಇಂಥ ಚಿತ್ರಗಳನ್ನು ನೋಡಿದಾಗ ದೇಗುಲಗಳು ಹಾಳುಬಿದ್ದು ನಿರ್ಜನವಾಗಿದ್ದುವೆಂದು ಅನಿಸುವುದು ಸಹಜ. ಹಾಳುಬಿದ್ದುದು ನಿಜವಿರಬಹುದು, ನಿರ್ಜನವಾಗಿತ್ತೆ ಎಂಬುದನ್ನು ಚಿತ್ರ ಹೇಳಲಾರದು. ನೀರಿಗೆ ಹೋಗುವ ಹೆಂಗಸರು, ದನ ಅಟ್ಟುವ ಹುಡುಗರು ಮುಂದಿನಿಂದ ಹಾದುಹೋಗಿದ್ದರೂ ಆ ಕಾಗದ ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಕದಲಬೇಡಿ ಎಂದು ಹೇಳಿ ನಿಲ್ಲಿಸಿದವರು ಮಾತ್ರ ಉಳಿದರು. ಮುಂದೆ ೧೮೭೮ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬವನು ಓಡುವ ಕುದುರೆಯ ನಾಲ್ಕು ಕಾಲೂ ಒಮ್ಮೆ ನೆಲ ಬಿಡುವುದನ್ನು ಚಿತ್ರದಲ್ಲಿ ತೋರಿಸಿಕೊಟ್ಟನು. ಅಲ್ಲಿಂದ ಮುಂದೆ ಎಲ್ಲರೂ ಶಟರಿನ ವೇಗದ ಬೆನ್ನು ಹತ್ತಿದರು. ನಾನು ಮಾಡಿದ್ದು ವೇಗ ಕೈಗೆ ಬಂದ ಮೇಲೆ ಅದನ್ನು ಬೇಕೆಂದೇ ಬಿಟ್ಟುಕೊಡುವ ಕೆಲಸ.

ಬಿಟ್ಟುಕೊಡುವುದು ಅಷ್ಟು ಸುಲಭವಲ್ಲ. ಅಂದು ಬೆಳಕು ಸಾಲದೆ ಕಷ್ಟ. ಇಂದು ಹೊರಾಂಗಣದಲ್ಲಿ ಬೆಳಕು ಹೆಚ್ಚಾಗಿ ಕಷ್ಟ. ಹಳೆಯ ಛಾಯಾಗ್ರಾಹಕರ ಒಂದು ಸೂತ್ರವಿದೆ. ನಿಚ್ಚಳ ಬಿಸಿಲಿನಲ್ಲಿ ಲೆನ್ಸಿನ ಬಾಯನ್ನು ಎಫ್/೧೬ಕ್ಕೆ ಕಿರಿದುಗೊಳಿಸಿ, ಐ.ಎಸ್.ಒ. ೧೦೦ ಎಂದು ಇಟ್ಟರೆ, ಸೆಕೆಂಡಿನ ನೂರರಲ್ಲೊಂದು ಪಾಲು ಸಾಕು. ಅದಕ್ಕಿಂತ ಹೆಚ್ಚು ಹೊತ್ತು ತೆರೆದರೆ ಚಿತ್ರ ಬೆಳ್ಳಗೆ ಸುಟ್ಟುಹೋಗುತ್ತದೆ. ಹತ್ತು ಸೆಕೆಂಡು ತೆರೆಯಬೇಕಾದರೆ ಬೆಳಕನ್ನು ಸಾವಿರದಲ್ಲೊಂದು ಪಾಲಿಗೆ ಇಳಿಸಬೇಕು. ಇದಕ್ಕೆಂದೇ ಎನ್.ಡಿ. ಫಿಲ್ಟರ್ ಎಂಬ ಕಪ್ಪು ಗಾಜುಗಳು ದೊರೆಯುತ್ತವೆ. ಅವು ಬಣ್ಣವನ್ನು ಬದಲಿಸದೆ ಬೆಳಕನ್ನು ಮಾತ್ರ ತಡೆಯುತ್ತವೆ. ನನ್ನಲ್ಲಿರುವುದು ಎರಡು: ಎಂಟರಲ್ಲೊಂದು ಪಾಲು ಬಿಡುವುದೊಂದು, ಸಾವಿರದಲ್ಲೊಂದು ಪಾಲು ಬಿಡುವುದೊಂದು. ವೆಲ್ಡಿಂಗ್ ಮಾಡುವವರ ಗಾಜನ್ನು ಲೆನ್ಸಿಗೆ ಕಟ್ಟಿಯೂ ನೋಡಿದೆನು. ಕೆಲಸ ಸಾಗುತ್ತದೆ, ಆದರೆ ಲೋಕವೆಲ್ಲ ಪಾಚಿಗಟ್ಟಿದ ಕೆರೆಯಂತೆ ಹಸುರಾಗಿ ಕಾಣುವುದು. ಕ್ಯಾಮರಾ ಮುಂಬಯಿಯಲ್ಲಿರುವ ಮಾವ ಬಳಸಿ ಕೊಟ್ಟದ್ದು. ಮುಕ್ಕಾಲಿಯ ಸ್ಟ್ಯಾಂಡಿನ ಬದಲಿಗೆ ಮರಳು ತುಂಬಿದ ಬಟ್ಟೆಯ ಚೀಲ. ಯಾವ ಕಟ್ಟೆಯ ಮೇಲೆ ಇಟ್ಟರೂ ಕ್ಯಾಮರಾ ಅದರಲ್ಲಿ ಹುದುಗಿ ಕೂರುತ್ತದೆ. ಬೆರಳಿನ ಒತ್ತಿಗೆ ಅದು ನಡುಗಬಾರದೆಂದು, ಒತ್ತಿದ ಎರಡು ಸೆಕೆಂಡಿನ ಅನಂತರ ತೆರೆಯುವಂತೆ ಇಡುವುದು ಲೇಸು.

ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ಹೆದ್ದಾರಿ ನಮ್ಮೂರಿನ ನಡುವೆ ಹಾದುಹೋಗುತ್ತದೆ. ಬೆಳಿಗ್ಗೆ ಎಂಟರ ಸುಮಾರಿಗೆ ಬಸ್ಸು ನಿಲ್ಲುವ ಕಡೆ ಜನ ಸೇರುವುದರಿಂದ ನನ್ನ ಮೊದಲ ಪರೀಕ್ಷೆಗಳು ಅಲ್ಲಿಯೇ, ಎದುರಿನ ಕಂಪೌಂಡಿನ ಮೇಲಿನಿಂದ ನಡೆದುವು. ಸೆಕೆಂಡಿನ ಕಾಲುಭಾಗ ತೆರೆದಾಗ ಒಬ್ಬೊಬ್ಬರಿಗೂ ಹಿಂದೆ ಒಂದು ಬಾಲ ಮೂಡಿತು. ಆದರೆ ಪಾದಗಳು ಸ್ಪಷ್ಟವಾಗಿದ್ದುವು! ಇದಕ್ಕೆ ಕಾರಣ ಸರಳ. ನಡೆಯುವಾಗ ಮೈ ಎಡೆಬಿಡದೆ ಮುಂದುವರಿಯುತ್ತದೆ; ಪಾದ ಮಾತ್ರ ಪ್ರತಿ ಹೆಜ್ಜೆಯಲ್ಲಿಯೂ ಅರ್ಧಕ್ಕಿಂತ ಹೆಚ್ಚು ಹೊತ್ತು ನೆಲಕ್ಕೆ ಊರಿ ನಿಂತಿರುತ್ತದೆ. ಮೇಲೆ ಮುಖವಿಲ್ಲದ ಮಂಜು, ಕೆಳಗೆ ಹವಾಯಿ ಚಪ್ಪಲಿಯ ಪಟ್ಟಿ ಎಣಿಸುವಷ್ಟು ನಿಚ್ಚಳವಾದ ಪಾದ. ಯಾರ ಚಿತ್ರವೆಂದು ಮುಖದಿಂದ ಗುರುತಿಸಲಾಗದೆ ಚಪ್ಪಲಿಯಿಂದ ಗುರುತಿಸಿದ ಪ್ರಸಂಗವೂ ನಡೆಯಿತು. ಒಂದು ಸೆಕೆಂಡಿಗೆ ಪಾದಗಳೂ ಹೋಗಿ, ಜನರು ಗಾಳಿಗೆ ಒಣಹಾಕಿದ ಬಟ್ಟೆಯಂತೆ ಅಡ್ಡಡ್ಡ ಹರಡಿಕೊಂಡರು.

ಮೂವತ್ತು ಸೆಕೆಂಡಿನ ಚಿತ್ರವೇ ನಿಜವಾಗಿ ಯೋಚನೆಗೆ ಹಚ್ಚಿದ್ದು. ಅಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ನನ್ನ ಕಣ್ಣ ಮುಂದೆಯೇ ಹಾದುಹೋಗಿದ್ದರು. ಚಿತ್ರದಲ್ಲಿ ಅವರಾರೂ ಇಲ್ಲ. ಒಂದು ಬಸ್ಸು ಬಂದು ಹತ್ತು ಸೆಕೆಂಡು ನಿಂತು ಹೋಗಿತ್ತು. ಅದು ಗಾಜಿನ ಬಸ್ಸಾಗಿ, ಅದರ ಮೈಯೊಳಗಿಂದ ಹಿಂದಿನ ಅಂಗಡಿಯ ಹಲಗೆಯನ್ನು ಓದಬಹುದಾಗಿತ್ತು. ಉಳಿದವರು ಮೂವರು. ಬೆಂಚಿನ ಮೇಲೆ ಕೋಲಿಗೆ ಗಲ್ಲವೂರಿ ಕುಳಿತ ಒಬ್ಬ ವೃದ್ಧರು, ಕಂಬಕ್ಕೊರಗಿ ಫೋನು ನೋಡುತ್ತಿದ್ದ ಒಬ್ಬ ಹುಡುಗ, ಮತ್ತು ಬುಟ್ಟಿಯ ಮುಂದೆ ಕುಳಿತ ಮೀನು ಮಾರುವ ಅಕ್ಕ. ಮಲಗಿದ್ದ ನಾಯಿಯನ್ನು ಸೇರಿಸಿದರೆ ನಾಲ್ಕು. ಹುಡುಗನು ಇಷ್ಟು ಸ್ಪಷ್ಟವಾಗಿ ಮೂಡಿದ್ದನ್ನು ನೋಡಿ, ಪ್ಯಾರಿಸಿನ ಬೂಟು ಪಾಲಿಶಿನ ಸ್ಥಾನ ಈ ಕಾಲದಲ್ಲಿ ಯಾವುದಕ್ಕೆ ಸಂದಿದೆಯೆಂಬುದು ತಿಳಿಯಿತು.

ಚಿತ್ರವನ್ನು ಮೀನಿನ ಅಕ್ಕನಿಗೆ ತೋರಿಸಿದೆನು. ಆಕೆ ಬಹಳ ಹೊತ್ತು ನೋಡಿ, “ಮೂರು ಜನ ಬಂದು ಬಂಗುಡೆ ತೆಗೆದುಕೊಂಡು ಹೋದರಲ್ಲ ಮಗಾ, ಅವರೆಲ್ಲಿ? ನಾನೊಬ್ಬಳೇ ನೊಣ ಹೊಡೆಯುತ್ತ ಕೂತಿದ್ದೇನೆ ಎಂದು ಜನ ತಿಳಿದಾರು” ಎಂದರು. ನಕ್ಕು ಬಿಡುವ ಮಾತಾಗಿರಲಿಲ್ಲ. ಇನ್ನು ನೂರು ವರ್ಷಗಳ ತರುವಾಯ ಈ ಚಿತ್ರ ಯಾರದಾದರೂ ಕೈಗೆ ಸಿಕ್ಕಿ, ಇಪ್ಪತ್ತೊಂದನೆಯ ಶತಮಾನದ ನಂದಿಕೂರಿನಲ್ಲಿ ವ್ಯಾಪಾರವಿರಲಿಲ್ಲ ಎಂದು ಅವರು ಬರೆದರೆ, ತಡೆಯುವುದು ಹೇಗೆ? ಕದ ಎಷ್ಟು ಹೊತ್ತು ತೆರೆದಿತ್ತೆಂಬ ಒಂದು ಅಂಕೆ ಜತೆಗಿಲ್ಲದಿದ್ದರೆ ಚಿತ್ರ ಅರ್ಧ ಸಾಕ್ಷಿ ಮಾತ್ರ.

ಅರ್ಥಶಾಸ್ತ್ರದ ಮಿತ್ರರಿಗಾಗಿ ಇನ್ನೊಂದು ವಿಷಯ. ಕಪ್ಪು ಗಾಜಿಲ್ಲದೆಯೂ ಇದನ್ನು ಸಾಧಿಸಬಹುದು. ಕ್ಯಾಮರಾ ಅಲುಗದಂತೆ ಇಟ್ಟು ಇಪ್ಪತ್ತು ಸಾಧಾರಣ ಚಿತ್ರಗಳನ್ನು ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದನ್ನು ಇಟ್ಟು, ಪ್ರತಿ ಬಿಂದುವಿಗೂ ಸರಾಸರಿ ತೆಗೆದರೆ ದೀರ್ಘಕಾಲ ತೆರೆದಿಟ್ಟ ಚಿತ್ರದಂತೆಯೇ ಫಲ ದೊರೆಯುತ್ತದೆ. ಫೋನುಗಳಲ್ಲಿ ಈ ಬಗೆಯ ಚಿತ್ರಕ್ಕೆಂದು ಇರುವ ಸೌಕರ್ಯವೂ ಬಹುಮಟ್ಟಿಗೆ ಹೀಗೆಯೇ ಅನೇಕ ಚಿತ್ರಗಳನ್ನು ಕೂಡಿಸಿ ಕೆಲಸ ಮಾಡುತ್ತದೆ. ಸರಾಸರಿಯ ಬದಲಿಗೆ ಮಧ್ಯಾಂಕವನ್ನು ತೆಗೆದರೋ, ಫಲ ಬೇರೆ. ಸರಾಸರಿಯಲ್ಲಿ ಹಾದುಹೋದವರ ಮಸುಕಾದ ನೆರಳಾದರೂ ಉಳಿಯುತ್ತದೆ. ಮಧ್ಯಾಂಕದಲ್ಲಿ, ಅರ್ಧಕ್ಕಿಂತ ಕಡಮೆ ಚಿತ್ರಗಳಲ್ಲಿ ಆ ಜಾಗದಲ್ಲಿದ್ದವರು ಗುರುತೇ ಇಲ್ಲದಂತೆ ತೊಡೆದುಹೋಗುತ್ತಾರೆ. ಪ್ರವಾಸಿ ತಾಣಗಳ ಜನಶೂನ್ಯ ಚಿತ್ರಗಳನ್ನು ಈ ಉಪಾಯದಿಂದ ಮಾಡುವುದುಂಟು. ತರಗತಿಯಲ್ಲಿ ಬರಿಯ ಸೂತ್ರಗಳಾಗಿದ್ದ ಈ ಎರಡು ಮಾನಗಳಲ್ಲಿರುವ ಅಂತರ ನನಗೆ ಮನದಟ್ಟಾದದ್ದು ಬಸ್‌ಸ್ಟಾಪಿನಲ್ಲಿ.

ಜೂನ್ ಬಂತು. ಮಳೆಗಾಲದ ದಟ್ಟ ಮೋಡ ಬಿಸಿಲನ್ನು ಎಂಟರಲ್ಲೊಂದು ಪಾಲಿಗೆ ತಾನೇ ಇಳಿಸಿಬಿಡುವುದರಿಂದ, ನನ್ನ ತೆಳುವಾದ ಗಾಜೇ ಸಾಕಾಗಿ, ಲೆನ್ಸಿನ ಬಾಯನ್ನು ಎಫ್/೨೨ಕ್ಕೆ ಕಿರಿದುಗೊಳಿಸಿದರೆ ಒಂದು ಸೆಕೆಂಡಿಗೂ ಮಿಕ್ಕಿ ತೆರೆಯಲು ಸಾಧ್ಯವಾಯಿತು. ನಮ್ಮ ಕಡೆ ನಾಟಿ ಯಂತ್ರಗಳು ಬಂದಿವೆ. ಆದರೂ ಸಣ್ಣ ಗದ್ದೆಗಳಲ್ಲಿ ಹೆಂಗಸರು ಕೈಯಿಂದ ನೇಜಿ ನೆಡುವುದು ಇನ್ನೂ ನಿಂತಿಲ್ಲ. ನನ್ನ ತಾಯಿಯೂ ಆ ಸಾಲಿನಲ್ಲಿ ಒಬ್ಬರು. ಗದ್ದೆಯ ಹುಣಿಯ ಮೇಲೆ ಮರಳಿನ ಚೀಲವಿಟ್ಟು, ಕ್ಯಾಮರಾಕ್ಕೆ ಕೊಡೆ ಹಿಡಿದು ಕುಳಿತೆನು.

ಆ ಚಿತ್ರದಲ್ಲಿ ಮೊದಲು ಮಾಯವಾದದ್ದು ಮಳೆ. ಹನಿಗಳು ಸೆಕೆಂಡಿಗೆ ಹಲವು ಮೀಟರಿನಂತೆ ಬೀಳುವುದರಿಂದ ಅವು ಯಾವ ಬಿಂದುವಿನ ಖಾತೆಗೂ ಜಮೆಯಾಗುವುದಿಲ್ಲ. ಧೋ ಎಂದು ಸುರಿಯುತ್ತಿದ್ದ ಮಳೆಯ ಗುರುತಾಗಿ ದೂರದ ತೋಟದ ಮೇಲೆ ಒಂದು ತೆಳು ಮುಸುಕು ಮಾತ್ರ ಉಳಿಯಿತು. ಹೆಂಗಸರ ಬೆನ್ನುಗಳು ಕಡೆದಿಟ್ಟಂತೆ ನಿಂತಿದ್ದುವು. ತಲೆಯಿಂದ ಸೊಂಟದವರೆಗೆ ಹೊದ್ದ ಪ್ಲಾಸ್ಟಿಕ್ ಹಾಳೆಯ ಮಡಿಕೆ ಮಡಿಕೆಯೂ ಸ್ಪಷ್ಟ. ಹಿಂದಿನ ಕಾಲದಲ್ಲಾಗಿದ್ದರೆ ಅಲ್ಲಿ ಓಲೆಯ ಗೊರಬು ಇರುತ್ತಿತ್ತು. ಆದರೆ ಕೈಗಳಿಲ್ಲ. ಮೊಣಕೈಯಿಂದ ಕೆಳಗೆ ಎಲ್ಲರ ಕೈಗಳೂ ಹಸುರು ಕಲೆಸಿದ ಬೂದುಬಣ್ಣದ ಹೊಗೆಯಾಗಿ ನೀರಿನಲ್ಲಿ ಕರಗಿದ್ದುವು.

“ನನ್ನ ಕೈ ಎಲ್ಲಿ ಮಗಾ? ನೆಟ್ಟದ್ದು ಕೈಯಲ್ಲವೊ?” ಎಂದು ಅಮ್ಮ ಕೇಳಿದರು.

ನಾನು ಲೆಕ್ಕ ವಿವರಿಸಿದೆನು. ಕೈ ಒಂದು ಹಿಡಿಯಿಂದ ಇನ್ನೊಂದು ಹಿಡಿಗೆ ಸೆಕೆಂಡಿಗೊಮ್ಮೆ ಓಡುತ್ತದೆ. ಬೆನ್ನು ಬಾಗಿದ್ದು ಬಾಗಿದಂತೆಯೇ ಇರುತ್ತದೆ, ಹಿಂದಕ್ಕೆ ಹೆಜ್ಜೆಯಿಡುವಾಗ ಮಾತ್ರ ತುಸು ಕದಲುತ್ತದೆ. ಆದುದರಿಂದ ಕ್ಯಾಮರಾ ಬೆನ್ನನ್ನು ನೋಡಿತು, ಕೈಯನ್ನು ನೋಡಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಸರಿಯಾಗಿಯೇ ಇದೆ. ರಾತ್ರಿ ನೋಯುವುದು ಬೆನ್ನೇ” ಎಂದರು. ಪಕ್ಕದ ಮನೆಯ ದೊಡ್ಡಮ್ಮ ಒಪ್ಪಲಿಲ್ಲ. ಕೈಯಿಲ್ಲದ ಚಿತ್ರವನ್ನು ಗೋಡೆಗೆ ಹಾಕಿದರೆ ಅಪಶಕುನವೆಂದೂ, ಕೆಲಸ ಕಲಿತ ಕೈಯನ್ನೇ ಬಿಟ್ಟು ಬೆನ್ನಿಗೆ ಮರ್ಯಾದೆ ಮಾಡುವ ಯಂತ್ರ ಯಾವ ಸೀಮೆಯದೆಂದೂ ಕೇಳಿದರು. ಇಬ್ಬರ ಮಾತೂ ನನಗೆ ಸರಿಯೆಂದೇ ಕಂಡಿತು. ಅದೇ ಜಾಗದಿಂದ, ಗಾಜನ್ನು ತೆಗೆದು, ಸೆಕೆಂಡಿನ ೧೨೫ರಲ್ಲೊಂದು ಪಾಲಿನ ಇನ್ನೊಂದು ಚಿತ್ರವನ್ನೂ ತೆಗೆದೆನು. ಅದರಲ್ಲಿ ಬೆರಳುಗಳಿವೆ, ಬೆರಳ ನಡುವೆ ನೇಜಿಯ ಬೇರಿದೆ, ಮಳೆಯೂ ಗೆರೆಗೆರೆಯಾಗಿ ಇದೆ. ಆದರೆ ಆ ಬಾಗಿದ ಬೆನ್ನು ಈಗಷ್ಟೇ ಬಾಗಿದ್ದೋ, ಬೆಳಗಿನಿಂದ ಬಾಗಿದ್ದೋ ಎಂಬುದು ಅದರಲ್ಲಿ ತಿಳಿಯುವುದಿಲ್ಲ. ಎರಡನ್ನೂ ಒಂದೇ ರಟ್ಟಿಗೆ ಅಂಟಿಸಿ ಇಟ್ಟಿದ್ದೇವೆ.

ನಿಂತ ಕ್ಯಾಮರಾ ನಿಂತವರ ಪಕ್ಷ ಎಂದಾಯಿತು. ಹಾಗಾದರೆ ಕ್ಯಾಮರಾವನ್ನೇ ಚಲಿಸುವವರೊಡನೆ ತಿರುಗಿಸಿದರೆ? ಇದಕ್ಕೆ ಕಂಬಳಕ್ಕಿಂತ ಒಳ್ಳೆಯ ಜಾಗ ನಮ್ಮ ಜಿಲ್ಲೆಯಲ್ಲಿಲ್ಲ. ನಮ್ಮ ಪಕ್ಕದಲ್ಲಿಯೇ ಅಡ್ವೆ ನಂದಿಕೂರಿನ ಕೋಟಿ ಚೆನ್ನಯ ಜೋಡುಕರೆ ಕಂಬಳವಿದೆ. ಕೋಣಗಳ ಹಿಂದೆ ಓಡುವವರ ವೇಗ ಎಷ್ಟೆಂಬುದಕ್ಕೆ, ೨೦೨೦ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ೧೪೨.೫ ಮೀಟರನ್ನು ೧೩.೬೨ ಸೆಕೆಂಡಿನಲ್ಲಿ ಓಡಿ ದೇಶದಾದ್ಯಂತ ಸುದ್ದಿಯಾದುದನ್ನು ನೆನೆಯಬಹುದು. ಭಾಗಿಸಿ ನೋಡಿದರೆ ಸೆಕೆಂಡಿಗೆ ಹತ್ತೂವರೆ ಮೀಟರಾಗುತ್ತದೆ. ಸೆಕೆಂಡಿನ ಮೂವತ್ತರಲ್ಲೊಂದು ಪಾಲಿನಲ್ಲಿಯೇ ೩೫ ಸೆಂಟಿಮೀಟರು! ನಿಂತ ಕ್ಯಾಮರಾಕ್ಕೆ ಇಂಥವರು ಕೆಸರಿನ ಒಂದು ರಾಚು ಮಾತ್ರ.

ತಿರುಗಿಸುವ ವಿಧಾನ ಹೀಗೆ. ಕರೆಯ ನಡುಮಧ್ಯಕ್ಕೆ ಎದುರಾಗಿ, ಸಾಧ್ಯವಾದಷ್ಟು ದೂರದಲ್ಲಿ, ಕಾಲನ್ನು ಅಗಲಿಸಿ ನಿಲ್ಲಬೇಕು. ಕೋಣಗಳು ಬಿಟ್ಟಾಗಿನಿಂದಲೇ ಓಡುವವನ ಎದೆಯ ಮೇಲೆ ಕಣ್ಣಿಟ್ಟು, ಸೊಂಟದಿಂದ ಮೇಲಿನ ಮೈಯನ್ನು ಬಾಗಿಲು ತಿರುಗುವಂತೆ ಒಂದೇ ವೇಗದಲ್ಲಿ ತಿರುಗಿಸುತ್ತ, ಎದುರಿಗೆ ಬಂದಾಗ ಒತ್ತಬೇಕು. ಒತ್ತಿದ ಮೇಲೆಯೂ ಮಂಜೊಟ್ಟಿಯವರೆಗೆ ತಿರುಗುತ್ತಲೇ ಇರಬೇಕು. ರಾತ್ರಿಯ ದೀಪಗಳಿಗೆ ಐ.ಎಸ್.ಒ. ೧೬೦೦, ಶಟರು ಮೂವತ್ತರಲ್ಲೊಂದು. ಹತ್ತು ಒತ್ತಿದರೆ ಒಂದು ಹಿಡಿಯುವುದು ಎಲ್ಲರಿಗೂ ಇರುವ ಪ್ರಮಾಣವೆಂದು ಅನುಭವಿಗಳು ಹೇಳುತ್ತಾರೆ.

ಹಿಡಿದ ಚಿತ್ರದಲ್ಲಿ ಲೋಕವೇ ತಲೆಕೆಳಗಾಗಿತ್ತು. ಗ್ಯಾಲರಿಯಲ್ಲಿ ಅಲುಗಾಡದೆ ಕುಳಿತ ಸಾವಿರಾರು ಜನರು ಅಡ್ಡ ಗೆರೆಗಳಾಗಿ ಕರಗಿಹೋಗಿದ್ದರು. ಎಲ್ಲರಿಗಿಂತ ವೇಗವಾಗಿ ಹೋದವನ ಮುಖ, ಮೇಲೆತ್ತಿದ ಬೆತ್ತ, ಹಗ್ಗ ಹಿಡಿದ ಮುಷ್ಟಿ ನಿಚ್ಚಳವಾಗಿದ್ದುವು. ಪಾದದ ಗತಿ ಮಾತ್ರ ಸ್ವಾರಸ್ಯದ್ದು. ಬಸ್‌ಸ್ಟಾಪಿನಲ್ಲಿ ನೆಲಕ್ಕೂರಿದ ಪಾದ ಸ್ಪಷ್ಟವಾಗಿ, ಮೈ ಕರಗಿತ್ತು. ಇಲ್ಲಿ ಮೈ ಉಳಿದು, ನೆಲಕ್ಕೂರಿದ ಪಾದವೇ ಕರಗಿತ್ತು. ಪಾದ ಆ ಗಳಿಗೆಯಲ್ಲಿ ನೆಲದ ಜತೆಗಿತ್ತು, ನನ್ನ ಕ್ಯಾಮರಾ ಓಡುವವನ ಜತೆಗಿತ್ತು. ನಮ್ಮ ಜಿಲ್ಲೆಯ ಕಟ್ಟಿಂಗೇರಿಯಲ್ಲಿ ೧೯೧೧ರಲ್ಲಿ ಹುಟ್ಟಿದ ಕಲಾವಿದ ಕೆ. ಕೆ. ಹೆಬ್ಬಾರರು ನರ್ತಕರ ಚಲನೆಯನ್ನು ಕೆಲವೇ ಗೆರೆಗಳಲ್ಲಿ ಹಿಡಿಯುತ್ತಿದ್ದರು. ಯಾವ ಗೆರೆಯನ್ನು ಉಳಿಸಬೇಕು, ಯಾವುದನ್ನು ಬಿಡಬೇಕೆಂದು ಅವರ ಕೈ ಆಯ್ದುಕೊಳ್ಳುತ್ತಿತ್ತು. ಕ್ಯಾಮರಾಕ್ಕೆ ಆ ಆಯ್ಕೆಯಿಲ್ಲ. ಕದ ಎಷ್ಟು ಹೊತ್ತು, ತಿರುಗುವುದು ಯಾರೊಡನೆ ಎಂಬೆರಡನ್ನು ನಾವು ಗೊತ್ತುಮಾಡಿದರೆ ಉಳಿದುದನ್ನು ಅದೇ ಲೆಕ್ಕಹಾಕುತ್ತದೆ.

ಪ್ರಯತ್ನಿಸಬಯಸುವ ಮಿತ್ರರಿಗೆ ಎರಡು ಮಾತು. ಮುಖ ಅಳಿಸಿಹೋಗುತ್ತದೆಂಬ ಧೈರ್ಯದಿಂದ ಕೇಳದೆಯೇ ಚಿತ್ರ ತೆಗೆಯಬಾರದು. ನಿಂತವರು ಅಳಿಸುವುದಿಲ್ಲ, ಅವರನ್ನಂತೂ ಕೇಳಲೇಬೇಕು. ಕೋಲ ನಡೆಯುವಲ್ಲಿ ನಾನು ಕ್ಯಾಮರಾವನ್ನು ಚೀಲದಿಂದ ಹೊರತೆಗೆಯುವುದೇ ಇಲ್ಲ. ಮತ್ತೊಂದು, ಅಚ್ಚುಹಾಕಿಸಿದ ಚಿತ್ರದ ಬೆನ್ನಿಗೆ ಪೆನ್ಸಿಲಿನಿಂದ ತಾರೀಕು, ಜಾಗ, ಕದ ತೆರೆದಿದ್ದ ಹೊತ್ತು, ಕ್ಯಾಮರಾ ನಿಂತಿತ್ತೋ ತಿರುಗಿತ್ತೋ ಎಂಬುದನ್ನು ಬರೆದಿಡುವುದು. ಮೀನಿನ ಅಕ್ಕನ ಚಿತ್ರದ ಬೆನ್ನಿಗೆ ಆಕೆಯೇ ಹೇಳಿ ಇನ್ನೊಂದು ಸಾಲನ್ನು ಬರೆಯಿಸಿದ್ದಾರೆ: ಮೂವತ್ತು ಸೆಕೆಂಡು, ಗಿರಾಕಿಗಳು ಮೂವರು.